ಕಾಂಗೋ ಓದಲು ಹೊರಟವರಿಗೆ: ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದಕ್ಕೆ ಬೇಡ

ಆಫ್ರಿಕಾದ ನಡುವಿನ ಕಾಂಗೋ ದೇಶದ ಬಗ್ಗೆ ಒಂದೇ ಪುಸ್ತಕ ಕೊಳ್ಳುವಷ್ಟು ದುಡ್ಡಿದ್ದರೆ ಡೇವಿಡ್ ವಾನ್ ರೇಬ್ರೌಕ್ ಅವರ ‘ಕಾಂಗೋ’ ತೆಗೆದುಕೊಳ್ಳಿ. ಎರಡು ಕೊಳ್ಳುವಷ್ಟಿದ್ದರೆ ಜೊತೆಗೆ ಜೇಸನ್ ಸ್ಟರ್ನ್ಸ್ ಅವರ ‘ಡ್ಯಾನ್ಸಿಂಗ್ ಇನ್ ದ ಗ್ಲೋರಿ ಆಫ್ ಮಾನ್‌ಸ್ಟರ್ಸ್’ ಇರಲಿ. ಕಾದಂಬರಿಯೇ ಬೇಕು ಅನ್ನುವವರಿಗೂ ಒಂದಿದೆ, ಆಮೇಲೆ ಹೇಳುತ್ತೇನೆ. ಉಳಿದವು ಲೈಬ್ರರಿಯಲ್ಲಿ ಸಿಕ್ಕರೆ ಓದಿ, ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ನಾನು ಸಾಹಿತ್ಯದ ಮನುಷ್ಯನಲ್ಲ. ಸೇನೆಯ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು. 2008ರ ಹೊತ್ತಿಗೆ ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಪೂರ್ವ ಕಾಂಗೋದ ಗೋಮಾ ಊರಿನಲ್ಲಿದ್ದೆ. ಅಲ್ಲಿ ಭಾರತದ ಸೇನಾ ಆಸ್ಪತ್ರೆ ಇತ್ತು. ಈಗ ಕುಶಾಲನಗರದಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಮಧ್ಯಾಹ್ನ ಊಟದ ನಂತರ ಗಿರಾಕಿಗಳು ಕಡಿಮೆ. ಆ ಹೊತ್ತಿನಲ್ಲಿ ಕೌಂಟರ್ ಹಿಂದೆ ಕೂತು ಓದಿದ ಪುಸ್ತಕಗಳು ಇವು. ಎಲ್ಲವನ್ನೂ ಇಂಗ್ಲಿಷಿನಲ್ಲೇ ಓದಿದೆ. ನನ್ನ ಇಂಗ್ಲಿಷ್ ಫೌಜಿ ಇಂಗ್ಲಿಷ್. ನನಗೆ ಅರ್ಥವಾಗಿದ್ದು ನಿಮಗೂ ಆಗುತ್ತದೆ.

ನಮ್ಮ ಕೊಡಗಿನಲ್ಲಿ ವಿಶ್ವಸಂಸ್ಥೆಯ ಸೇನೆ ಅಂದರೆ ಜನರಲ್ ತಿಮ್ಮಯ್ಯ ನೆನಪಾಗುತ್ತಾರೆ. ಕೊರಿಯಾ, ಸೈಪ್ರಸ್ ಎರಡೂ ಎಲ್ಲರಿಗೂ ಗೊತ್ತು. ಕಾಂಗೋ ಅಂದರೆ ‘ಎಲ್ಲಿ ಅದು?’ ಅನ್ನುತ್ತಾರೆ. 1961ರಲ್ಲೇ ನಮ್ಮ ಒಂದು ಇಡೀ ಬ್ರಿಗೇಡ್ ಅಲ್ಲಿಗೆ ಹೋಗಿತ್ತು. ಅಲ್ಲಿನ ಕಟಾಂಗಾ ಪ್ರಾಂತ್ಯದಲ್ಲಿ ಹೋರಾಡಿ ಸತ್ತ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ಬಂತು. ಇಷ್ಟೆಲ್ಲ ಆಗಿಯೂ ನಾವು ಅಲ್ಲಿಗೆ ಹೋಗುವಾಗ ಆ ದೇಶದ ಬಗ್ಗೆ ನಮಗೆ ಕೊಟ್ಟಿದ್ದು ನಾಲ್ಕು ಹಾಳೆಯ ಒಂದು ಕಾಗದ. ಮಲೇರಿಯಾ, ಎಚ್‌ಐವಿ, ರಸ್ತೆ ಎಚ್ಚರಿಕೆ, ಮುಗೀತು.

ಗೋಮಾ ಅಂದರೆ ಕಪ್ಪು ಕಲ್ಲಿನ ಊರು. ಹಿಂದೆ ನೈರಾಗೊಂಗೊ ಜ್ವಾಲಾಮುಖಿ, ಮುಂದೆ ಕಿವು ಸರೋವರ. 2002ರಲ್ಲಿ ಲಾವಾ ಊರಿನ ಮಧ್ಯದಲ್ಲೇ ಹರಿದು ಸರೋವರ ಸೇರಿತ್ತು. ಜನ ಅದೇ ಕಲ್ಲನ್ನು ಒಡೆದು ಗೋಡೆ ಕಟ್ಟಿಕೊಂಡು ಮತ್ತೆ ಅಲ್ಲೇ ಕೂತಿದ್ದರು. ರಸ್ತೆಯಲ್ಲಿ ಚುಕುಡು ಅಂತ ಮರದ ದೊಡ್ಡ ಎರಡು ಚಕ್ರದ ಗಾಡಿ. ಅದರ ಮೇಲೆ ಇದ್ದಿಲು, ಆಲೂಗಡ್ಡೆ ಮೂಟೆ ಹೇರಿಕೊಂಡು ಹುಡುಗರು ಇಳಿಜಾರಿನಲ್ಲಿ ಬಿಟ್ಟರೆ ನೋಡುವವರ ಎದೆ ಬಾಯಿಗೆ ಬರುತ್ತಿತ್ತು.

ಆಸ್ಪತ್ರೆಯಲ್ಲಿ ನಮ್ಮ ಕಣ್ಣಿಗೆ ಬೀಳುತ್ತಿದ್ದುದು ಗಾಯ ಮಾತ್ರ. ಯಾರು ಹೊಡೆದರು, ಯಾಕೆ ಹೊಡೆದರು, ಅದು ಗೊತ್ತಾಗುತ್ತಿರಲಿಲ್ಲ. ಮೆಸ್‌ನಲ್ಲಿ ಕೇಳಿದರೆ ಒಂದೇ ಉತ್ತರ: ‘ಇವರು ಹಾಗೇನೇ.’ ಈ ಮಾತು ನನಗೆ ಆಗಲೂ ಸರಿ ಕಂಡಿರಲಿಲ್ಲ. ಹಾಗಾಗಿ ನಾನು ಪ್ರತಿ ಪುಸ್ತಕವನ್ನೂ ಒಂದೇ ಕಡೆಯಿಂದ ನೋಡುತ್ತೇನೆ. ಓದಿ ಮುಗಿಸಿದ ಮೇಲೆ ‘ಇವರು ಹಾಗೇನೇ’ ಅನ್ನಿಸುತ್ತಾ, ಇಲ್ಲಾ ‘ಓಹೋ, ಹೀಗಾಗಿ ಹೀಗಾಯಿತು’ ಅನ್ನಿಸುತ್ತಾ? ಮೊದಲನೆಯದಾದರೆ ದುಡ್ಡು ದಂಡ.

ಮೊದಲು ಎಲ್ಲರೂ ಹೇಳುವ ಪುಸ್ತಕ, ಜೋಸೆಫ್ ಕಾನ್ರಾಡ್ ಅವರ ‘ಹಾರ್ಟ್ ಆಫ್ ಡಾರ್ಕ್‌ನೆಸ್’. 1890ರಲ್ಲಿ ಕಾನ್ರಾಡ್ ಕಾಂಗೋ ನದಿಯಲ್ಲಿ ಸ್ಟೀಮರ್ ಕೆಲಸಕ್ಕೆ ಹೋಗಿದ್ದರು. 1899ರಲ್ಲಿ ಕಥೆ ಪತ್ರಿಕೆಯಲ್ಲಿ ಬಂತು. ಚಿಕ್ಕ ಪುಸ್ತಕ, ಫುಟ್‌ಪಾತ್‌ನಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ನೈಜೀರಿಯಾದ ಲೇಖಕ ಚಿನುವಾ ಅಚಿಬೆ 1975ರಲ್ಲಿ ಒಂದು ಉಪನ್ಯಾಸದಲ್ಲಿ ಇದನ್ನು ಚೆನ್ನಾಗಿ ಝಾಡಿಸಿದ್ದರು. ಆಫ್ರಿಕಾದ ಜನ ಇದರಲ್ಲಿ ಜನರೇ ಅಲ್ಲ, ಬರೀ ಹಿನ್ನೆಲೆ ಅನ್ನುವುದು ಅವರ ತಕರಾರು. ನಾನು ಅಚಿಬೆ ಕಡೆ. ಆದರೆ ಒಂದು ಜಾಗ ಮಾತ್ರ ಬಿಡಲಾಗುವುದಿಲ್ಲ. ರೈಲ್ವೆ ಕೆಲಸಕ್ಕೆ ಹಿಡಿದು ತಂದ ಆಳುಗಳು ಸುಸ್ತಾಗಿ, ರೋಗ ಹಿಡಿದು, ಮರದ ನೆರಳಿನಲ್ಲಿ ಸಾಯಲು ಬಿದ್ದಿದ್ದಾರೆ. ಕಥೆ ಹೇಳುವವನು ಒಬ್ಬನ ಕೈಗೆ ಬಿಸ್ಕೆಟ್ ಕೊಡುತ್ತಾನೆ. ಬೆರಳುಗಳು ನಿಧಾನವಾಗಿ ಮುಚ್ಚಿಕೊಳ್ಳುತ್ತವೆ. ಅಷ್ಟೇ, ಬೇರೆ ಅಲುಗಾಟವಿಲ್ಲ. ವಾರ್ಡ್‌ನಲ್ಲಿ ಕೆಲಸ ಮಾಡಿದವರಿಗೆ ಇದು ನೋಡಿ ಬರೆದದ್ದು ಅಂತ ತಕ್ಷಣ ಗೊತ್ತಾಗುತ್ತದೆ. ಆ ಪುಟ ಬಿಟ್ಟರೆ ಉಳಿದಿದ್ದು ಮಂಜು, ಕತ್ತಲು, ಮತ್ತೆ ಮಂಜು. ಕೊನೆಗೆ ‘ಇವರು ಹಾಗೇನೇ’.

ಆ ಆಳುಗಳು ಯಾಕೆ ಹಾಗೆ ಬಿದ್ದಿದ್ದರು ಅನ್ನುವುದಕ್ಕೆ ಆಡಮ್ ಹೋಕ್‌ಶೀಲ್ಡ್ ಅವರ ‘ಕಿಂಗ್ ಲಿಯೋಪೋಲ್ಡ್ಸ್ ಗೋಸ್ಟ್’ ಓದಬೇಕು. 1998ರ ಪುಸ್ತಕ. ಬೆಲ್ಜಿಯಂನ ರಾಜ ಎರಡನೇ ಲಿಯೋಪೋಲ್ಡ್ 1885ರಿಂದ 1908ರವರೆಗೆ ಕಾಂಗೋವನ್ನು ತನ್ನ ಸ್ವಂತ ಆಸ್ತಿ ಮಾಡಿಕೊಂಡಿದ್ದ. ತನ್ನ ದೇಶದ ಎಪ್ಪತ್ತು ಪಟ್ಟಿಗೂ ದೊಡ್ಡ ಜಾಗ. ಒಮ್ಮೆಯೂ ಅಲ್ಲಿ ಕಾಲಿಡಲಿಲ್ಲ. ರಬ್ಬರ್ ತರದ ಊರಿಗೆ ಸಿಪಾಯಿಗಳನ್ನು ಕಳಿಸುತ್ತಿದ್ದರು. ಸಿಪಾಯಿ ಗುಂಡು ಪೋಲು ಮಾಡಿಲ್ಲ ಅಂತ ಲೆಕ್ಕ ತೋರಿಸಬೇಕು. ಅದಕ್ಕೆ ಸತ್ತವರ ಬಲಗೈ ಕಡಿದು ತರಬೇಕು. ಬೇಟೆಗೆ ಗುಂಡು ಖರ್ಚು ಮಾಡಿದವನು ಬದುಕಿರುವವರ ಕೈ ಕಡಿಯುತ್ತಿದ್ದ. ನೋಡಿ, ಹುಚ್ಚು ಕ್ರೌರ್ಯದ ಹಾಗೆ ಕಾಣುವುದರ ಹಿಂದೆ ಒಂದು ಸ್ಟೋರ್ ರಿಜಿಸ್ಟರ್ ಇದೆ. ಸೇನೆಯಲ್ಲಿ ಗುಂಡಿನ ಲೆಕ್ಕ ಬರೆದವನಾಗಿ ನನಗೆ ಇದು ಓದಿ ಮೈ ಜುಂ ಅಂತು.

ಈ ಪುಸ್ತಕದ ಅತಿ ಒಳ್ಳೆಯ ಭಾಗ ಎಡ್ಮಂಡ್ ಮೊರೆಲ್ ಅನ್ನುವ ಗುಮಾಸ್ತನದು. ಹಡಗು ಕಂಪನಿಯ ನೌಕರ. ಆಂಟ್‌ವರ್ಪ್ ಬಂದರಿನಲ್ಲಿ ಲೆಕ್ಕ ನೋಡುತ್ತಾನೆ. ಕಾಂಗೋದಿಂದ ಬರುವ ಹಡಗಿನ ತುಂಬ ರಬ್ಬರ್, ದಂತ. ವಾಪಸ್ ಹೋಗುವ ಹಡಗಿನಲ್ಲಿ ಬರೀ ಬಂದೂಕು, ಮದ್ದುಗುಂಡು. ವ್ಯಾಪಾರದ ಸಾಮಾನು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾದರೆ ಅಲ್ಲಿನ ಜನಕ್ಕೆ ಕೂಲಿ ಏನು ಕೊಡುತ್ತಿದ್ದಾರೆ? ಕೊಡುತ್ತಲೇ ಇಲ್ಲ! ಬರೀ ಲೆಕ್ಕದ ಪುಸ್ತಕದಿಂದ ಜೀತದ ಸುಳಿವು ಹಿಡಿದ. ಪತ್ತೇದಾರಿ ಕಾದಂಬರಿ ಇದರ ಮುಂದೆ ಏನೂ ಅಲ್ಲ.

ದೂರೂ ಇದೆ. ಕಥೆಯ ನಾಯಕರೆಲ್ಲ ಹೊರಗಿನವರು: ಮೊರೆಲ್, ಬ್ರಿಟಿಷ್ ಕಾನ್ಸಲ್ ರೋಜರ್ ಕೇಸ್‌ಮೆಂಟ್, ಫೋಟೋ ತೆಗೆದ ಮಿಷನರಿ ಆಲಿಸ್ ಸೀಲಿ ಹ್ಯಾರಿಸ್. ಕಾಂಗೋದವರ ಸ್ವಂತ ಮಾತು ಕಡಿಮೆ. ದಾಖಲೆಗಳೇ ಇಲ್ಲ ಅಂತ ಲೇಖಕರು ಬೇಸರಪಟ್ಟುಕೊಳ್ಳುತ್ತಾರೆ. ಲಿಯೋಪೋಲ್ಡ್ 1908ರಲ್ಲಿ ಕಡತಗಳನ್ನು ಎಂಟು ದಿನ ಸುಡಿಸಿದ ಅಂದ ಮೇಲೆ ಇನ್ನೆಲ್ಲಿ ಉಳಿಯುತ್ತದೆ? ಇನ್ನೊಂದು, ಖಳನಾಯಕ ಒಬ್ಬನೇ ಆಗಿಬಿಟ್ಟರೆ ಓದುವವನಿಗೆ ಆರಾಮ. ಅವನು ಸತ್ತ, ಕಥೆ ಮುಗೀತು ಅನ್ನಿಸುತ್ತದೆ. ಗೋಮಾದಲ್ಲಿ ಅದು ಮುಗಿದಿರಲಿಲ್ಲವಲ್ಲ.

ಈಗ ವಾನ್ ರೇಬ್ರೌಕ್. ಬೆಲ್ಜಿಯಂನವರೇ. ಮೂಲ ಡಚ್ ಪುಸ್ತಕ 2010ರಲ್ಲಿ ಬಂತು, ಇಂಗ್ಲಿಷ್ 2014ರಲ್ಲಿ. ಆರುನೂರು ಪುಟ ದಾಟುತ್ತದೆ. ಮಲಗಿ ಓದಿದರೆ ಕೈ ಸೋಲುತ್ತದೆ, ಕೌಂಟರ್ ಮೇಲೆ ಇಟ್ಟುಕೊಂಡೇ ಓದಬೇಕು. ದಪ್ಪ ನೋಡಿ ಹೆದರಬೇಡಿ, ಓಡಿಸಿಕೊಂಡು ಹೋಗುತ್ತದೆ. ಕಾರಣ, ಅವರು ಕಾಂಗೋದ ಊರೂರು ಸುತ್ತಿ ಮುದುಕರನ್ನು, ಸಿಪಾಯಿಗಳನ್ನು, ಹಾಡುಗಾರರನ್ನು ಕೂರಿಸಿ ಮಾತಾಡಿಸಿದ್ದಾರೆ. ಎನ್ಕಾಸಿ ಅಂತ ಒಬ್ಬ ಅಜ್ಜ ಬರುತ್ತಾರೆ. ತಾನು ಹುಟ್ಟಿದ್ದು 1882ರಲ್ಲಿ ಅನ್ನುತ್ತಾರೆ. ಯಾರು ನಂಬುತ್ತಾರೆ? ಲೇಖಕರೂ ಮೊದಲು ನಂಬುವುದಿಲ್ಲ. ಆದರೆ ಅಜ್ಜ ಹೇಳುವ ಹಳೆಯ ಮಿಷನರಿಗಳ ಹೆಸರು ಹಳೆಯ ದಾಖಲೆಗಳ ಜೊತೆ ತಾಳೆಯಾಗುತ್ತಾ ಹೋಗುತ್ತದೆ. ಈ ಭಾಗ ಓದುವಾಗ ಒಬ್ಬರು ಬಿಪಿ ಮಾತ್ರೆಗೆ ಬಂದು ಎರಡು ಸಲ ಕೂಗಿದರೂ ನನಗೆ ಕೇಳಿಸಿರಲಿಲ್ಲ.

ನನಗೆ ತೀರಾ ಹತ್ತಿರವಾಗಿದ್ದು ಎರಡನೇ ಮಹಾಯುದ್ಧದ ಭಾಗ. ಕಾಂಗೋದ ಸಿಪಾಯಿಗಳು ಅಬಿಸೀನಿಯಾಕ್ಕೆ, ಅಂದರೆ ಈಗಿನ ಇಥಿಯೋಪಿಯಾಕ್ಕೆ, ಹೋಗಿ ಇಟಲಿಯವರ ಮೇಲೆ ಹೋರಾಡಿದರು. ಅವರ ಒಂದು ವೈದ್ಯಕೀಯ ತುಕಡಿ ಬರ್ಮಾ ರಣರಂಗದವರೆಗೂ ಬಂದಿತ್ತು. ಅಂದರೆ ನಾನು ಗೋಮಾದಲ್ಲಿ ಬ್ಯಾಂಡೇಜ್ ಸುತ್ತುವುದಕ್ಕೆ ಅರವತ್ತು ವರ್ಷಕ್ಕೂ ಮೊದಲೇ ಅಲ್ಲಿನ ನರ್ಸಿಂಗ್ ಹುಡುಗರು ನಮ್ಮ ಪಕ್ಕಕ್ಕೆ ಬಂದು ಅದೇ ಕೆಲಸ ಮಾಡಿ ಹೋಗಿದ್ದರು. ನಮ್ಮ ಕೋರ್‌ನಲ್ಲಿ ಯಾರೂ ಇದನ್ನು ಹೇಳಿದ್ದು ನನಗೆ ನೆನಪಿಲ್ಲ. ಇನ್ನೊಂದು, ಹಿರೋಶಿಮಾ ಬಾಂಬಿಗೆ ಬೇಕಾದ ಯುರೇನಿಯಂನ ದೊಡ್ಡ ಪಾಲು ಕಟಾಂಗಾದ ಶಿಂಕೋಲೋಬ್ವೆ ಗಣಿಯದು.

1960ರ ಅಧ್ಯಾಯ ಫೌಜಿಗಳು ಓದಲೇಬೇಕು. ಜೂನ್ 30ಕ್ಕೆ ಸ್ವಾತಂತ್ರ್ಯ ಬಂತು. ಆ ಸೇನೆಯಲ್ಲಿ ಅವತ್ತು ಕಪ್ಪು ಅಧಿಕಾರಿ ಒಬ್ಬನೂ ಇಲ್ಲ. ಒಬ್ಬನೂ! ಜುಲೈ 5ಕ್ಕೆ ಬೆಲ್ಜಿಯಂನ ಜನರಲ್ ಜಾನ್ಸೆನ್ಸ್ ಜವಾನರ ಮುಂದೆ ಕರಿಹಲಗೆಯ ಮೇಲೆ ಬರೆದು ತೋರಿಸಿದ: ಸ್ವಾತಂತ್ರ್ಯಕ್ಕೆ ಮೊದಲು ಹೇಗೋ ಆಮೇಲೂ ಹಾಗೇ. ಸೇನೆ ದಂಗೆ ಎದ್ದಿತು. ಜುಲೈ 11ಕ್ಕೆ ಗಣಿಗಳಿರುವ ಕಟಾಂಗಾ ಬೇರೆ ಆಯಿತು. ಮುಂದಿನ ಜನವರಿ 17ಕ್ಕೆ ಪ್ರಧಾನಿಯಾಗಿದ್ದ ಪ್ಯಾಟ್ರಿಸ್ ಲುಮುಂಬಾ ಅವರನ್ನು ಅಲ್ಲೇ ಕೊಂದರು. ಅವರ ದೇಹದಲ್ಲಿ ಉಳಿದಿದ್ದು ಒಂದು ಹಲ್ಲು. ಅದನ್ನು ಬೆಲ್ಜಿಯಂ ವಾಪಸ್ ಕೊಟ್ಟಿದ್ದು 2022ರಲ್ಲಿ, ಪುಸ್ತಕ ಬಂದು ಎಷ್ಟೋ ವರ್ಷದ ಮೇಲೆ. ಹಿಂದೆ ಅದೇ ವಸಾಹತು ಸೇನೆಯಲ್ಲಿ ಗುಮಾಸ್ತೆ ಸಾರ್ಜೆಂಟ್ ಆಗಿದ್ದ ಮೊಬುಟು ಏಕಾಏಕಿ ಸೇನೆಯ ಮೇಲಿನ ಕುರ್ಚಿಗೆ ಬಂದ. 1965ರಲ್ಲಿ ದೇಶವನ್ನೇ ಹಿಡಿದುಕೊಂಡ, 1997ರವರೆಗೂ ಬಿಡಲಿಲ್ಲ. ಇದರಲ್ಲಿ ಬುಡಕಟ್ಟಿನ ಹುಚ್ಚು ಎಲ್ಲಿದೆ ಹೇಳಿ? ಅಧಿಕಾರಿಗಳನ್ನು ತಯಾರು ಮಾಡದ ಸೇನೆ ಯಾವ ದೇಶದಲ್ಲಿದ್ದರೂ ಹೀಗೇ ಆಗುತ್ತದೆ.

ಬಿಯರ್ ಕಂಪನಿಗಳು ಹಾಡುಗಾರರನ್ನು ಹಂಚಿಕೊಂಡು ಜಗಳಕ್ಕೆ ಬಿಡುವ ಕಥೆಯೂ ಇದೆ. ಕೊನೆಗೆ ಚೀನಾದ ಗ್ವಾಂಗ್‌ಝೌ ಪೇಟೆಗೆ ಹೋಗಿ ಮಾಲು ತರುವ ಕಾಂಗೋದ ವ್ಯಾಪಾರಿಗಳ ಕಥೆಯೂ ಇದೆ. ದೂರು ಅಂದರೆ, ಪೂರ್ವದ ಯುದ್ಧ ಬಂದಾಗ ಪುಸ್ತಕ ಸ್ವಲ್ಪ ಅವಸರ ಮಾಡುತ್ತದೆ.

ಅಲ್ಲಿಗೆ ಸ್ಟರ್ನ್ಸ್ ಬೇಕು. ವಿಶ್ವಸಂಸ್ಥೆಗೇ ಕೆಲಸ ಮಾಡಿದವರು, ಆ ಕಡೆ ವರ್ಷಗಟ್ಟಲೆ ಇದ್ದವರು. 2011ರ ಪುಸ್ತಕ. 1994ರ ರುವಾಂಡಾ ನರಮೇಧದ ನಂತರ ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಗಡಿ ದಾಟಿ ಗೋಮಾ ಸುತ್ತ ಬಂದು ಬಿದ್ದರು. ಕಾಲರಾ ಬಂತು. ಲಾವಾ ಬಂಡೆ, ಹೆಣ ಹೂಳಲು ಗುಂಡಿ ತೋಡಲೂ ಆಗುವುದಿಲ್ಲ. ಆ ನಿರಾಶ್ರಿತರ ನಡುವೆಯೇ ಕೊಲೆ ಮಾಡಿ ಬಂದವರೂ ಇದ್ದರು. ಅವರನ್ನು ಅಟ್ಟಿಸಿಕೊಂಡು 1996ರಲ್ಲಿ ರುವಾಂಡಾ ಸೇನೆ ಒಳಗೆ ಬಂತು. ಮೊಬುಟು ಓಡಿದ. 1998ರಲ್ಲಿ ಎರಡನೇ ಯುದ್ಧ, ಅಕ್ಕಪಕ್ಕದ ಎಷ್ಟೋ ದೇಶಗಳು ಕೈ ಹಾಕಿದವು. ಸ್ಟರ್ನ್ಸ್ ಕೊಂದವರನ್ನೂ ಮಾತಾಡಿಸುತ್ತಾರೆ, ಕಳೆದುಕೊಂಡವರನ್ನೂ ಮಾತಾಡಿಸುತ್ತಾರೆ. ಯಾರನ್ನೂ ದೆವ್ವ ಮಾಡುವುದಿಲ್ಲ, ಹಾಗಂತ ಯಾರನ್ನೂ ಬಿಡುವುದೂ ಇಲ್ಲ. ಎಲ್ಲಾ ಮೊಬೈಲ್‌ಗೆ ಬೇಕಾದ ಖನಿಜಕ್ಕಾಗಿ ಅನ್ನುವ ಸುಲಭ ಉತ್ತರವನ್ನೂ ಒಪ್ಪುವುದಿಲ್ಲ. ಭೂಮಿ ಯಾರದು, ಪೌರರು ಯಾರು, ಅಧಿಕಾರ ಯಾರ ಕೈಲಿ ಅನ್ನುವ ಜಗಳ ಮೊದಲು, ಖನಿಜ ಆಮೇಲೆ ಸೇರಿಕೊಂಡಿತು ಅನ್ನುವುದು ಅವರ ವಾದ.

ಈ ಜಗಳದ ಬೇರು ಎಲ್ಲಿದೆ ನೋಡಿ. ಗೋಮಾದ ಪಕ್ಕದ ಮಸೀಸಿ ಗುಡ್ಡಗಳಿಗೆ ಬೆಲ್ಜಿಯಂ ಸರ್ಕಾರ 1930ರ ದಶಕದಿಂದ ರುವಾಂಡಾದವರನ್ನು ಸಾವಿರಗಟ್ಟಲೆ ತಂದಿತ್ತು, ತೋಟದ ಕೆಲಸಕ್ಕೆ. ಸ್ವಾತಂತ್ರ್ಯದ ನಂತರ ಅವರಿಗೆ 1972ರಲ್ಲಿ ಪೌರತ್ವ ಕೊಟ್ಟರು, 1981ರಲ್ಲಿ ಕಿತ್ತುಕೊಂಡರು. ತೋಟಕ್ಕೆ ಹೊರಗಿನಿಂದ ಆಳು ತರುವುದು ಅಂದರೇನು ಅಂತ ಕೊಡಗಿನವನಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಮೇಜಿನ ಮೇಲೆ ಬರುತ್ತಿದ್ದ ಮಸೀಸಿಯ ಹುಡುಗರ ಗಾಯ ನನಗೆ ಅರ್ಥವಾಗಿದ್ದು ಇದನ್ನು ಓದಿದ ಮೇಲೆ.

2008ರ ಅಕ್ಟೋಬರ್ ಕೊನೆಗೆ ಬಂಡುಕೋರರು ಗೋಮಾದ ಬಾಗಿಲಿಗೆ ಬಂದಾಗ ಸರ್ಕಾರಿ ಸಿಪಾಯಿಗಳು ಓಡಿಹೋದರು. ಓಡುವಾಗ ಅಂಗಡಿ ಲೂಟಿ ಮಾಡಿದರು. ನಾವೆಲ್ಲ ಥೂ ಅಂದಿದ್ದೆವು. ಸಂಬಳ ಮೇಲಿನವರ ಜೇಬಿಗೇ ಹೋಗುತ್ತಿತ್ತು, ದಂಗೆ ಏಳದಿರಲಿ ಅಂತ ಮೊಬುಟು ಕಾಲದಿಂದಲೇ ಸೇನೆಯನ್ನು ಬೇಕೆಂದೇ ದುರ್ಬಲ ಮಾಡಿ ಇಟ್ಟಿದ್ದರು ಅನ್ನುವುದು ಓದಿದ ಮೇಲೆ ಥೂ ಅನ್ನುವುದು ಅಷ್ಟು ಸುಲಭವಲ್ಲ. ನಮ್ಮ ನೀಲಿ ಟೋಪಿಯ ಬಗ್ಗೆಯೂ ಹೇಳಬೇಕು. ಅದೇ ನವೆಂಬರ್‌ನಲ್ಲಿ ಕಿವಾಂಜಾ ಅನ್ನುವ ಊರಿನಲ್ಲಿ ಶಾಂತಿಪಡೆಯ ಶಿಬಿರದಿಂದ ಸ್ವಲ್ಪವೇ ದೂರದಲ್ಲಿ 150ರಷ್ಟು ಜನರನ್ನು ಕೊಂದರು. ಇಂಥದ್ದನ್ನು ಹೊರಗಿನವರು ಬರೆದಾಗ ಚುಚ್ಚುತ್ತದೆ. ಬರೆಯಬೇಡಿ ಅನ್ನಲು ಬಾಯಿ ಬರುವುದಿಲ್ಲ.

ಸ್ಟರ್ನ್ಸ್ ಪುಸ್ತಕದ ತೊಂದರೆ ಒಂದೇ, ಸಂಘಟನೆಗಳ ಇಂಗ್ಲಿಷ್ ಮೊದಲಕ್ಷರಗಳು. ಎಎಫ್‌ಡಿಎಲ್, ಆರ್‌ಸಿಡಿ, ಸಿಎನ್‌ಡಿಪಿ, ಎಫ್‌ಡಿಎಲ್‌ಆರ್. ಒಂದು ಚೀಟಿಯಲ್ಲಿ ಬರೆದು ಪುಸ್ತಕದಲ್ಲೇ ಇಟ್ಟುಕೊಳ್ಳಿ. ಮತ್ತೆ 2011ಕ್ಕೇ ನಿಲ್ಲುವುದರಿಂದ ಎಂ23 ಬಂಡುಕೋರರು 2012ರಲ್ಲಿ, ಆಮೇಲೆ 2025ರ ಜನವರಿಯಲ್ಲಿ ಗೋಮಾ ಹಿಡಿದಿದ್ದು ಇದರಲ್ಲಿ ಸಿಗುವುದಿಲ್ಲ. ಆದರೂ ಟಿವಿಯಲ್ಲಿ ಆ ಸುದ್ದಿ ಬಂದಾಗ ಹಿನ್ನೆಲೆ ಗೊತ್ತಿದ್ದುದು ಈ ಪುಸ್ತಕದಿಂದಲೇ.

ಕಾದಂಬರಿಗಳ ವಿಷಯ. ಬಾರ್ಬರಾ ಕಿಂಗ್‌ಸಾಲ್ವರ್ ಅವರ ‘ದ ಪಾಯ್ಸನ್‌ವುಡ್ ಬೈಬಲ್’ (1998) ನನ್ನ ಹೆಂಡತಿಗೆ ತುಂಬ ಇಷ್ಟವಾಯಿತು. ಅಮೆರಿಕದ ಜಾರ್ಜಿಯಾದ ಪಾದ್ರಿಯೊಬ್ಬ 1959ರಲ್ಲಿ ಹೆಂಡತಿ, ನಾಲ್ಕು ಹೆಣ್ಣುಮಕ್ಕಳ ಜೊತೆ ಕಾಂಗೋದ ಹಳ್ಳಿಗೆ ಬರುತ್ತಾನೆ. ಕಥೆ ಹೇಳುವವರು ಆ ಐದು ಹೆಂಗಸರು. ಪಾದ್ರಿ ತನ್ನ ಊರಿನ ಬೀಜ ಹಾಕಿ ತೋಟ ಮಾಡುತ್ತಾನೆ. ಬಳ್ಳಿ ಸೊಂಪಾಗಿ ಬೆಳೆಯುತ್ತದೆ, ಕಾಯಿ ಬಿಡುವುದಿಲ್ಲ. ಆ ಹೂವನ್ನು ಮುಟ್ಟುವ ದುಂಬಿ ಅಲ್ಲಿಲ್ಲ. ಮಕ್ಕಳಿಗೆ ನದಿಯಲ್ಲಿ ದೀಕ್ಷೆ ಕೊಡುತ್ತೇನೆ ಅಂತ ಹಟ ಹಿಡಿಯುತ್ತಾನೆ, ಅಲ್ಲಿ ಮೊಸಳೆ ಇದೆ ಅಂತ ಜನ ಹೆದರುತ್ತಾರೆ. ಮೊದಲರ್ಧ ಬಹಳ ಚೆನ್ನಾಗಿದೆ, ನಗುವೂ ಇದೆ. ಹಳ್ಳಿ ಬಿಟ್ಟ ಮೇಲೆ ಪಾಠ ಹೇಳಲು ಶುರು ಮಾಡುತ್ತದೆ, ಎಳೆಯುತ್ತದೆ. ಅಂದಹಾಗೆ ಇದನ್ನು ಆನ್‌ಲೈನ್‌ನಲ್ಲಿ ತರಿಸುವಾಗ ಜೋಕೆ. ನನಗೆ ಒಬ್ಬ ಮಾರಾಟಗಾರ ಕಳಿಸಿದ್ದು ಜೆರಾಕ್ಸ್ ಥರದ ಕಳ್ಳ ಪ್ರತಿ. ಅಕ್ಷರ ಮಸುಕು, ನಡುವೆ ಒಂದು ಕಟ್ಟು ಪುಟ ಎರಡು ಸಲ, ಅದರ ನಂತರದ ಕಟ್ಟು ಇಲ್ಲವೇ ಇಲ್ಲ. ಅನುಮಾನ ಬರುವಷ್ಟು ಅಗ್ಗಕ್ಕೆ ಇದ್ದರೆ ಕೊಳ್ಳಬೇಡಿ.

ನೈಪಾಲ್ ಅವರ ‘ಎ ಬೆಂಡ್ ಇನ್ ದ ರಿವರ್’ (1979) ಅಂಗಡಿ ಇಟ್ಟವರಿಗೆ ಹಿಡಿಸುತ್ತದೆ. ಭಾರತದ ಮೂಲದ ಸಲೀಂ ನದಿ ತಿರುವಿನ ಊರಿನಲ್ಲಿ ಅಂಗಡಿ ನಡೆಸುತ್ತಾನೆ, ಒಂದು ದಿನ ಸರ್ಕಾರ ಅದನ್ನು ಬೇರೆಯವನಿಗೆ ಬರೆದುಕೊಡುತ್ತದೆ. ಮೊಬುಟು 1973ರಲ್ಲಿ ನಿಜವಾಗಿ ಮಾಡಿದ್ದೇ ಇದು. ಬರವಣಿಗೆ ಅದ್ಭುತ, ಮೂಗು ಮುರಿಯುವುದು ಜಾಸ್ತಿ. ನನ್ನ ಪರೀಕ್ಷೆಯಲ್ಲಿ ಫೇಲು.

ಕಾಂಗೋದವರೇ ಬರೆದದ್ದು ಎರಡು ಓದಿದೆ. ಫಿಸ್ಟನ್ ಮ್ವಾಂಜಾ ಮುಜಿಲಾ ಅವರ ‘ಟ್ರಾಮ್ 83’ ಗಣಿ ಊರಿನ ಒಂದು ನೈಟ್‌ಕ್ಲಬ್ಬಿನ ಕಥೆ. ಕಥೆ ಅನ್ನುವುದಕ್ಕಿಂತ ಗದ್ದಲ. ಯಾರೋ ಮಾತಾಡುತ್ತಿರುವಾಗ ಇನ್ನೊಬ್ಬರು ನುಗ್ಗುತ್ತಾರೆ, ಅದೇ ವಾಕ್ಯ ಮತ್ತೆ ಮತ್ತೆ ಬರುತ್ತದೆ. ಜೋರಾಗಿ ಓದಿದರೆ ಹಾಡಿನ ಹಾಗಿದೆ, ಮೆಡಿಕಲ್ ಶಾಪಿನಲ್ಲಿ ಜೋರಾಗಿ ಓದಲು ಆಗುವುದಿಲ್ಲ. ಅರ್ಧಕ್ಕೆ ಬಿಟ್ಟಿದ್ದೇನೆ.

ಆಗಲೇ ಹೇಳಿದ ಕಾದಂಬರಿ ಇದು: ಇನ್ ಕೋಲಿ ಜಾನ್ ಬೋಫಾನ್ ಅವರ ‘ಕಾಂಗೋ ಇಂಕ್’. ಫ್ರೆಂಚ್‌ನಲ್ಲಿ 2014, ಇಂಗ್ಲಿಷ್‌ನಲ್ಲಿ 2018. ಇಸೂಕಾಂಗಾ ಅನ್ನುವ ಪಿಗ್ಮಿ ಹುಡುಗ. ಕಾಡಿಗೆ ಮೊಬೈಲ್ ಟವರ್ ಬರುತ್ತದೆ. ಕಂಪ್ಯೂಟರ್ ಗೇಮ್ ಆಡಿ ಆಡಿ ಇವನಿಗೆ ಗ್ಲೋಬಲೈಸೇಶನ್ ಹುಚ್ಚು. ಕಾಡು ಬಿಟ್ಟು ಕಿನ್ಶಾಸಾಕ್ಕೆ ಓಡುತ್ತಾನೆ, ಬೀದಿ ಮಕ್ಕಳ ಜೊತೆ ಇರುತ್ತಾನೆ, ಅಲ್ಲೇ ಸಿಕ್ಕಿಬಿದ್ದ ಒಬ್ಬ ಚೀನೀಯನ ಜೊತೆ ಸೇರಿ ನೀರಿನ ಪ್ಯಾಕೆಟ್ ಮಾರುತ್ತಾನೆ. ಕಾಡಿನ ಹುಡುಗ ಅಂದರೆ ಮುಗ್ಧ ಅಂದುಕೊಂಡವರಿಗೆ ಸರಿಯಾದ ಏಟು. ಇವನು ಭಾರಿ ಕಿಲಾಡಿ. ನಡುನಡುವೆ ಪೂರ್ವದ ಯುದ್ಧದ ಪುಟಗಳು ಬರುತ್ತವೆ, ಬಹಳ ಕಠೋರ. ಎಳೆಯರ ಕೈಗೆ ಕೊಡಬೇಡಿ. ವಿಶ್ವವಿದ್ಯಾಲಯದ ಪ್ರಕಾಶನ ಆದ್ದರಿಂದ ಬೆಲೆ ಜಾಸ್ತಿ, ಬರಲು ತಡವೂ ಆಯಿತು. ಆದರೂ ಕೊಳ್ಳಿ. ಇಷ್ಟು ಕೆಟ್ಟದ್ದರ ನಡುವೆ ಅಲ್ಲಿನ ಜನ ಹೇಗೆ ತಮಾಷೆ ಮಾಡುತ್ತಿದ್ದರು ಅನ್ನುವುದು ನಾನು ಕಣ್ಣಾರೆ ಕಂಡದ್ದು. ಪುಸ್ತಕದಲ್ಲಿ ಅದು ಸಿಕ್ಕಿದ್ದು ಇಲ್ಲಿ ಮಾತ್ರ.

ಓದುವ ಕ್ರಮ ಕೇಳಿದರೆ ವಾನ್ ರೇಬ್ರೌಕ್, ಸ್ಟರ್ನ್ಸ್, ಬೋಫಾನ್. ಪಕ್ಕದಲ್ಲಿ ದೊಡ್ಡದೊಂದು ನಕಾಶೆ ಇರಲಿ, ಪುಸ್ತಕದೊಳಗಿನ ನಕಾಶೆಯ ಹೆಸರುಗಳು ನನ್ನ ಕನ್ನಡಕಕ್ಕೆ ಎಟುಕಲಿಲ್ಲ. ಕುಶಾಲನಗರದ ಕಡೆಯವರಾದರೆ ಅಂಗಡಿಗೆ ಬಂದು ಕೇಳಿ, ಓದಲು ಕೊಡುತ್ತೇನೆ. ವಾನ್ ರೇಬ್ರೌಕ್ ಮಾತ್ರ ಕೊಡಲ್ಲ.